ನಿಮ್ಮ ಮನೆಯ ಪೈಪು ಎಲ್ಲಿಗೆ ಹೋಗುತ್ತದೆ?

ವೃಷಭಾವತಿ ಕಣಿವೆಯ ಮನೆಮಾಲೀಕರು, ಬಾಡಿಗೆದಾರರು, ಅಂಗಡಿ-ಹೋಟೆಲ್-ಗ್ಯಾರೇಜಿನವರು, ಎಲ್ಲರಲ್ಲೂ ಮನವಿ



ಮಲ್ಲೇಶ್ವರ, ರಾಜಾಜಿನಗರ, ಕುರುಬರಹಳ್ಳಿ, ಕಾಮಾಕ್ಷಿಪಾಳ್ಯ, ಚಾಮರಾಜಪೇಟೆ, ಹನುಮಂತನಗರ, ಬಾಪೂಜಿನಗರ, ಹೊಸಕೆರೆಹಳ್ಳಿ, ನಾಗರಬಾವಿ, ರಾಜರಾಜೇಶ್ವರಿನಗರ, ಕೆಂಗೇರಿ. ಈ ಕರಪತ್ರ ನಿಮ್ಮ ಕೈಗೆ ಬಂದಿದೆಯೆಂದರೆ ನಿಮ್ಮ ಮನೆಯೋ ಅಂಗಡಿಯೋ ಈ ಬಡಾವಣೆಗಳಲ್ಲಿ ಎಲ್ಲೋ ಇದೆ. ಇಲ್ಲಿ ಬಹುಪಾಲು ರಸ್ತೆಗಳಲ್ಲಿ ಒಂದು ಬಕೆಟ್ ನೀರು ಚೆಲ್ಲಿದರೆ ಅದು ಮನೆಮುಂದಿನ ಮೋರಿಗೆ ಇಳಿಯುತ್ತದೆ, ಮೋರಿಯಿಂದ ರಾಜಕಾಲುವೆಗೆ, ರಾಜಕಾಲುವೆಯಿಂದ ಮೈಸೂರು ರಸ್ತೆಯ ಪಕ್ಕದಲ್ಲಿ ಕಪ್ಪಗೆ ಹರಿಯುವ ವೃಷಭಾವತಿಗೆ ಸೇರುತ್ತದೆ. ಬಸ್ಸಿನಲ್ಲಿ ನಾಯಂಡಹಳ್ಳಿ ದಾಟುವಾಗ ನಾವೆಲ್ಲ ಮೂಗಿಗೆ ಕರವಸ್ತ್ರ ಹಿಡಿಯುತ್ತೇವಲ್ಲ, ಆ ನೀರಿನಲ್ಲಿ ಇವತ್ತು ಬೆಳಿಗ್ಗೆ ನಮ್ಮ ಬಚ್ಚಲಿನಿಂದ ಹೊರಟದ್ದೂ ಇದೆ.

ಬೇರೆಯವರತ್ತ ಬೆರಳು ತೋರಿಸುವುದಕ್ಕೆ ಈ ಕರಪತ್ರ ಅಚ್ಚು ಹಾಕಿಸಿಲ್ಲ. ಪಾಲಿಕೆಯನ್ನೂ ಜಲಮಂಡಳಿಯನ್ನೂ ಕೇಳಬೇಕಾದ್ದು ಬಹಳ ಇದೆ, ಅದನ್ನು ಮುಂದೆ ಹೇಳುತ್ತೇವೆ. ಅದಕ್ಕೂ ಮೊದಲು ನಮ್ಮ ಕಾಂಪೌಂಡಿನ ಒಳಗೆ, ನಮ್ಮ ಗೇಟಿನ ಮುಂದೆ, ನಮ್ಮ ತಾರಸಿಯ ಮೇಲೆ ನಾವೇ ಮಾಡಬೇಕಾದ ಕೆಲಸಗಳಿವೆ. ಅವುಗಳನ್ನು ಯಾವ ಎಂಜಿನಿಯರೂ ಬಂದು ಮಾಡಿಕೊಡುವುದಿಲ್ಲ.

ಇದು ನದಿ

ದೊಡ್ಡ ಬಸವಣ್ಣನ ಪಾದದ ಬಳಿ ಹುಟ್ಟಿದ್ದರಿಂದ ಈ ಹೊಳೆಗೆ ವೃಷಭಾವತಿ ಎಂಬ ಹೆಸರು ಬಂತೆಂದು ಹಿರಿಯರು ಹೇಳುತ್ತಾರೆ. ಮಲ್ಲೇಶ್ವರದ ಕಾಡು ಮಲ್ಲೇಶ್ವರನ ಗುಡಿಯೆದುರಿನ ನಂದಿತೀರ್ಥವೇ ಇದರ ಮೂಲ ಎನ್ನುವವರೂ ಇದ್ದಾರೆ. ಎರಡೂ ಕಡೆ ಇಂದಿಗೂ ಜನ ಕೈಮುಗಿಯುತ್ತಾರೆ. ಮೈಸೂರು ರಸ್ತೆಯ ಗಾಳಿ ಆಂಜನೇಯನನ್ನು ವ್ಯಾಸರಾಯರು ಪ್ರತಿಷ್ಠಾಪಿಸಿದರೆಂಬ ಪ್ರತೀತಿ ಇದೆ. ಆ ಗುಡಿ ಇರುವುದೂ ಈ ನೀರಿನ ಪಕ್ಕದಲ್ಲೇ. ಈಗ ಜೋರು ಮಳೆ ಬಂದರೆ ರಾಜಕಾಲುವೆಯ ಕೊಳಚೆ ಗುಡಿಯೊಳಗೇ ನುಗ್ಗುತ್ತದೆ. ಅರ್ಚಕರೂ ಭಕ್ತರೂ ಬಕೆಟ್ ಹಿಡಿದು ನೀರು ಎತ್ತಿಹಾಕುವುದನ್ನು ಟಿವಿಯಲ್ಲಿ ನಾವೆಲ್ಲ ನೋಡಿದ್ದೇವೆ.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಣ್ಣೆಯ ಮೇಲೆ ಕೂತಿರುವ ಊರು. ಇಲ್ಲಿಗೆ ಹೊರಗಿನಿಂದ ಹರಿದು ಬರುವ ದೊಡ್ಡ ನದಿ ಇಲ್ಲ. ಇಲ್ಲಿ ಬಿದ್ದ ಮಳೆ ನಾಲ್ಕು ದಿಕ್ಕಿಗೆ ಇಳಿದು ಹೋಗುತ್ತದೆ. ಹಾಗೆ ಇಳಿದುಹೋಗುವ ನೀರನ್ನು ಹಿಡಿದಿಡಲೆಂದೇ ಹಿಂದಿನವರು ಕೆರೆಯ ಕೆಳಗೆ ಕೆರೆ ಕಟ್ಟಿ, ಮೇಲಿನದು ಕೋಡಿ ಬಿದ್ದರೆ ಕೆಳಗಿನದು ತುಂಬುವಂತೆ ಕಾಲುವೆ ಬಿಟ್ಟಿದ್ದರು. ಗವಿಪುರದ ಕೆಂಪಾಂಬುಧಿ ಕೆರೆ ಅಂಥದ್ದು. ಧರ್ಮಾಂಬುಧಿ ಕೆರೆಯಿದ್ದ ಜಾಗದಲ್ಲಿ ಇಂದು ಮೆಜೆಸ್ಟಿಕ್ ಬಸ್ ನಿಲ್ದಾಣ ಇದೆ. ಕೆರೆ ಹೋದರೂ ನೀರು ತನ್ನ ದಾರಿ ಮರೆತಿಲ್ಲ. ನಗರದಲ್ಲಿ 800 ಕಿಲೋಮೀಟರಿಗೂ ಹೆಚ್ಚು ಉದ್ದದ ರಾಜಕಾಲುವೆಗಳಿವೆ. ಇವು ಮಳೆನೀರಿಗಾಗಿ ಇರುವ ದಾರಿಗಳು. ಮಳೆಯಿಲ್ಲದ ಮಾರ್ಚ್ ತಿಂಗಳಲ್ಲಿ ನಿಮ್ಮ ಹತ್ತಿರದ ರಾಜಕಾಲುವೆಯನ್ನು ಒಮ್ಮೆ ಬಗ್ಗಿ ನೋಡಿ. ಅದರಲ್ಲಿ ಆಗಲೂ ನೀರು ಹರಿಯುತ್ತಿದ್ದರೆ, ಅದು ಯಾರದೋ ಮನೆಯ ಕಕ್ಕಸು, ಯಾರದೋ ಹೋಟೆಲಿನ ಪಾತ್ರೆ ತೊಳೆದ ನೀರು, ಯಾವುದೋ ವರ್ಕ್‌ಶಾಪಿನ ಆಸಿಡ್ಡು.

ಅನುಭವಿಸಿದವರು ನಾವೇ

2017ರ ಅಕ್ಟೋಬರಿನ ಮಳೆಯನ್ನು ಕುರುಬರಹಳ್ಳಿಯವರು ಮರೆತಿಲ್ಲ. ಆ ರಾತ್ರಿ ರಾಜಕಾಲುವೆ ಉಕ್ಕಿ ಜೀವಹಾನಿಯಾಯಿತು. ಕೊಚ್ಚಿಹೋದವರನ್ನು ದಿನಗಟ್ಟಲೆ ಹುಡುಕಬೇಕಾಯಿತು. ಮೂರು ವರ್ಷ ಕಳೆದು 2020ರ ಅಕ್ಟೋಬರಿನಲ್ಲಿ ಹೊಸಕೆರೆಹಳ್ಳಿಯ ದತ್ತಾತ್ರೇಯನಗರದ ಸರದಿ ಬಂತು. ಕಾಲುವೆಯ ಗೋಡೆ ಒಡೆದು ಮನೆಗಳಿಗೆ ನೀರು ನುಗ್ಗಿತು, ಕಾರುಗಳು ತೇಲಿದವು, ಹಬ್ಬಕ್ಕೆ ತಂದಿಟ್ಟ ಅಕ್ಕಿಬೇಳೆ ಕೆಸರಾಯಿತು. 2022ರಲ್ಲಂತೂ ಬೆಂಗಳೂರು ತನ್ನ ಇತಿಹಾಸದಲ್ಲೇ ಅತಿ ಹೆಚ್ಚು ಮಳೆ ಕಂಡಿತು. ಊರಿನ ಇನ್ನೊಂದು ತುದಿಯ ದುಬಾರಿ ಬಡಾವಣೆಗಳ ಜನ ಟ್ರ್ಯಾಕ್ಟರಿನಲ್ಲೂ ದೋಣಿಯಲ್ಲೂ ಹೊರಬಂದರು.

ಮಳೆ ಹೆಚ್ಚು ಬಂತು, ನಿಜ. ಒತ್ತುವರಿಯಾಯಿತು, ಅದೂ ನಿಜ. ಅದರ ಜೊತೆಗೆ ಇನ್ನೊಂದು ಸತ್ಯ ಇದೆ. ನೀರು ಇಳಿದ ಮೇಲೆ ಕಾಲುವೆಯಿಂದ ಹೊರತೆಗೆದದ್ದು ಏನು ಎಂದು ಪೌರಕಾರ್ಮಿಕರನ್ನು ಕೇಳಿ. ನಮ್ಮ ಬೀದಿಯಲ್ಲಿ ಒಂದು ಮನೆಯ ಮುಂದಿನ ಮೋರಿಯ ಚಪ್ಪಡಿ ಎತ್ತಿಸಿದಾಗ ನಾವು ಕಣ್ಣಾರೆ ಕಂಡದ್ದು ಇದು: ಗಟ್ಟಿಯಾಗಿ ಹೋದ ಸಿಮೆಂಟು, ಒಡೆದ ಟೈಲ್ಸ್, ಎಳನೀರಿನ ಬುರುಡೆ, ಹಾಲಿನ ಪ್ಯಾಕೆಟ್ಟು, ಹಳೆಯ ದಿಂಬಿನ ಹತ್ತಿ, ಅವೆಲ್ಲವನ್ನೂ ಹೊಲಿದಂತೆ ಹಿಡಿದುಕೊಂಡಿದ್ದ ಕೇಬಲ್ ವೈರಿನ ಸಿಂಬಿ. ಎರಡಡಿ ಅಗಲದ ಮೋರಿಯಲ್ಲಿ ನೀರಿಗೆ ಉಳಿದಿದ್ದದ್ದು ಒಂದು ಗೇಣು. ಇದನ್ನೆಲ್ಲ ಯಾವ ಒತ್ತುವರಿದಾರನೂ ಬಂದು ತುಂಬಿರಲಿಲ್ಲ.

ಮೊದಲ ಕೆಲಸ: ಅರಿಶಿನ ಹಿಡಿದು ಪೈಪು ಹುಡುಕಿ

ನಿಮ್ಮ ಮನೆಯಿಂದ ಎಷ್ಟು ಪೈಪು ಹೊರಗೆ ಹೋಗುತ್ತವೆ? ಯಾವುದು ಎಲ್ಲಿ ಸೇರುತ್ತದೆ? ಈ ಪ್ರಶ್ನೆಯನ್ನು ನಾವು ಹಲವರನ್ನು ಕೇಳಿದೆವು. ಮನೆಯ ಪಟ್ಟಾ, ಖಾತೆ, ತೆರಿಗೆ ರಸೀದಿ ಎಲ್ಲ ಎಲ್ಲಿದೆಯೆಂದು ಗೊತ್ತಿದ್ದವರಿಗೂ ಇದು ಗೊತ್ತಿರಲಿಲ್ಲ. ಮನೆ ಕಟ್ಟಿದ ಮೇಸ್ತ್ರಿಗೆ ಗೊತ್ತಿತ್ತು. ಅವನು ಹೋಗಿ ಇಪ್ಪತ್ತು ವರ್ಷವಾಗಿದೆ.

ಹುಡುಕುವುದು ಕಷ್ಟವಲ್ಲ. ಅರ್ಧ ಬಕೆಟ್ ನೀರಿಗೆ ಎರಡು ಚಮಚ ಅರಿಶಿನ ಕಲಸಿ ಬಚ್ಚಲಿಗೆ ಸುರಿದು, ಹಿಂದೆಯೇ ಎರಡು ಬಕೆಟ್ ನೀರು ಬಿಡಿ. ಮನೆಯಲ್ಲೊಬ್ಬರು ಹೊರಗೆ ಚೇಂಬರಿನ ಮುಚ್ಚಳ ತೆಗೆದು ನಿಂತಿರಲಿ, ಇನ್ನೊಬ್ಬರು ಮೋರಿಯ ಹತ್ತಿರ ನಿಂತಿರಲಿ. ಹಳದಿ ನೀರು ಚೇಂಬರಿನಲ್ಲಿ ಕಂಡರೆ ಸರಿಯಿದೆ, ಅದು ಒಳಚರಂಡಿಗೆ ಹೋಗುತ್ತಿದೆ. ಮೋರಿಯಲ್ಲಿ ಕಂಡರೆ ನಿಮ್ಮ ಮನೆಯ ಕೊಳಚೆ ನೇರವಾಗಿ ನದಿಗೆ ಹೋಗುತ್ತಿದೆ ಎಂದರ್ಥ. ಅಡುಗೆಮನೆಯ ಸಿಂಕಿಗೂ ಕಕ್ಕಸಿಗೂ ಬಟ್ಟೆ ಒಗೆಯುವ ಕಲ್ಲಿನ ಬಳಿಯ ತೂತಿಗೂ ವಾಷಿಂಗ್ ಮೆಷಿನ್ ಇಟ್ಟ ಬಾಲ್ಕನಿಗೂ ಹೀಗೆಯೇ ಒಂದೊಂದಾಗಿ ಮಾಡಿ. ಬಾಲ್ಕನಿಯನ್ನು ಮರೆಯಬೇಡಿ. ಮಳೆನೀರಿಗೆಂದು ಬಿಟ್ಟ ಬಾಲ್ಕನಿಯ ಪೈಪಿಗೆ ಮೆಷಿನ್ನಿನ ಸೋಪುನೀರು ಬಿಡುವುದು ಈಗ ಎಲ್ಲ ಕಡೆ ನಡೆಯುತ್ತಿದೆ. ಮನೆಯವರಿಗೆ ಅದು ತಪ್ಪೆಂದೇ ತಿಳಿದಿರುವುದಿಲ್ಲ. ನದಿಯ ಮೇಲೆ ಏಳುವ ನೊರೆಗೆ ಈ ಸೋಪುಪುಡಿಯೇ ಬಹುಮಟ್ಟಿಗೆ ಕಾರಣ.

ತಪ್ಪು ಜೋಡಣೆ ಸಿಕ್ಕರೆ ಗಾಬರಿಯಾಗಬೇಡಿ, ಮುಚ್ಚಿಡಲೂ ಬೇಡಿ. ಅನುಭವವಿರುವ ಪ್ಲಂಬರನ್ನು ಕರೆಸಿ ಚೇಂಬರಿಗೆ ತಿರುಗಿಸಿ. ಬೀದಿಯಲ್ಲಿ ಒಳಚರಂಡಿಯೇ ಇಲ್ಲದಿದ್ದರೆ ನಾಲ್ಕಾರು ಮನೆಯವರು ಸೇರಿ ಜಲಮಂಡಳಿಗೆ ಲಿಖಿತ ಅರ್ಜಿ ಕೊಡಿ. ಒಬ್ಬರ ಅರ್ಜಿಗಿಂತ ಬೀದಿಯ ಅರ್ಜಿಗೆ ತೂಕ ಹೆಚ್ಚು. 1974ರ ಜಲಮಾಲಿನ್ಯ ತಡೆ ಕಾಯ್ದೆಯ ಪ್ರಕಾರ ಗೊತ್ತಿದ್ದೂ ಮಲಿನ ವಸ್ತುವನ್ನು ಹೊಳೆಗೋ ಬಾವಿಗೋ ಬಿಡುವಂತಿಲ್ಲ. ಕೆರೆ, ನದಿಗಳನ್ನು ಕಾಪಾಡುವುದು ಪ್ರತಿ ಪ್ರಜೆಯ ಮೂಲಭೂತ ಕರ್ತವ್ಯವೆಂದು ಸಂವಿಧಾನದ 51ಎ ವಿಧಿಯೂ ಹೇಳುತ್ತದೆ. ಇದುವರೆಗೆ ನಿಮಗೆ ಗೊತ್ತಿರಲಿಲ್ಲ. ಅರಿಶಿನದ ನೀರು ಮೋರಿಯಲ್ಲಿ ಕಂಡ ಮೇಲೆ ಗೊತ್ತಿರಲಿಲ್ಲ ಎನ್ನಲಾಗುವುದಿಲ್ಲ.

ಎರಡನೆಯದು: ಮಳೆಯ ಪೈಪು ಒಳಚರಂಡಿಗೆ ಬೇಡ

ಇದು ಮೊದಲನೆಯದರ ತಿರುವುಮುರುವು, ಅಷ್ಟೇ ಕೆಟ್ಟದ್ದು. ತಾರಸಿಯ ಮಳೆನೀರಿನ ಪೈಪನ್ನು ಬಹಳ ಮನೆಗಳಲ್ಲಿ ಚೇಂಬರಿಗೇ ಜೋಡಿಸಿರುತ್ತಾರೆ. ಅಂಗಳದಲ್ಲಿ ನೀರು ನಿಲ್ಲದಿರಲಿ ಎಂಬುದಷ್ಟೇ ಅವರ ಉದ್ದೇಶ. ಅದರ ಫಲ ಏನಾಗುತ್ತದೆಂದು ಲೆಕ್ಕ ಹಾಕಿ ನೋಡೋಣ.

1000 ಚದರಡಿ ತಾರಸಿಯ ಮೇಲೆ ಐವತ್ತು ಮಿಲಿಮೀಟರ್ ಮಳೆ ಬಿದ್ದರೆ ಸುಮಾರು ನಾಲ್ಕೂವರೆ ಸಾವಿರ ಲೀಟರ್ ನೀರಾಗುತ್ತದೆ. ಸೆಪ್ಟೆಂಬರ್-ಅಕ್ಟೋಬರಿನ ಒಂದು ಸಂಜೆಯಲ್ಲಿ ಇಷ್ಟು ಮಳೆ ಬೀಳುವುದು ನಮಗೆ ಹೊಸದಲ್ಲ. ನೂರು ಮನೆಗಳ ಒಂದು ಅಡ್ಡರಸ್ತೆಯಾದರೆ ನಾಲ್ಕೂವರೆ ಲಕ್ಷ ಲೀಟರ್. ಒಳಚರಂಡಿಯ ಪೈಪುಗಳನ್ನು ಹಾಕಿರುವುದು ಸ್ನಾನ, ಕಕ್ಕಸು, ಅಡುಗೆಮನೆಯ ನೀರಿನ ಅಂದಾಜಿಗೆ. ಅದರೊಳಕ್ಕೆ ಇಡೀ ರಸ್ತೆಯ ಮಳೆ ಒಮ್ಮೆಗೇ ನುಗ್ಗಿದರೆ ಮ್ಯಾನ್‌ಹೋಲ್ ಮುಚ್ಚಳ ಎದ್ದು ರಸ್ತೆಯ ಮೇಲೆ ಮಲ ಹರಿಯುತ್ತದೆ. ತಗ್ಗಿನಲ್ಲಿರುವ ಮನೆಯ ನೆಲಮಹಡಿಯ ಕಕ್ಕಸಿನಿಂದ ಅದು ವಾಪಸು ಉಕ್ಕುತ್ತದೆ. ಆ ಮನೆಯಲ್ಲಿ ಸಾಮಾನ್ಯವಾಗಿ ಇರುವವರು ಬಾಡಿಗೆ ಕಡಿಮೆಯೆಂದು ತಗ್ಗಿಗೆ ಬಂದ ಬಡ ಕುಟುಂಬದವರು. ಮೇಲಿನ ಮನೆಯ ಅಂಗಳ ಒಣಗಿರಲಿ ಎಂದು ಕೆಳಗಿನ ಮನೆಯ ಮಕ್ಕಳು ಮಲದ ನೀರಿನಲ್ಲಿ ರಾತ್ರಿ ಕಳೆಯುವುದು ಯಾವ ನ್ಯಾಯ?

ಆ ನೀರಿಗೆ ಬೇರೆ ದಾರಿ ಇದೆ. ಬೆಂಗಳೂರಿನಲ್ಲಿ ವರ್ಷಕ್ಕೆ ಸರಾಸರಿ 970 ಮಿಲಿಮೀಟರಿನ ಆಸುಪಾಸು ಮಳೆಯಾಗುತ್ತದೆ. ಅದೇ 1000 ಚದರಡಿ ತಾರಸಿಯ ಮೇಲೆ ವರ್ಷಕ್ಕೆ ಸುಮಾರು 90,000 ಲೀಟರ್ ಬೀಳುತ್ತದೆ. ಕಾವೇರಿ ನೀರನ್ನು ತೊರೆಕಾಡನಹಳ್ಳಿಯಿಂದ ನೂರು ಕಿಲೋಮೀಟರ್ ದೂರ, 1500 ಅಡಿಗೂ ಹೆಚ್ಚು ಎತ್ತರಕ್ಕೆ ಪಂಪು ಮಾಡಿ ತರುತ್ತಾರೆ. 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿ, ಟ್ಯಾಂಕರಿನ ಹಿಂದೆ ಬಿಂದಿಗೆ ಹಿಡಿದು ಓಡಿದ್ದನ್ನು ನೆನೆಸಿಕೊಳ್ಳಿ. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5000 ರೂಪಾಯಿ ದಂಡ ಎಂದು ಜಲಮಂಡಳಿ ಆಗ ಆದೇಶ ಹೊರಡಿಸಬೇಕಾಯಿತು. ನಮ್ಮ ತಲೆಯ ಮೇಲೇ ಬಿದ್ದ ನೀರನ್ನು ಮಾತ್ರ ನಾವು ಕಕ್ಕಸಿನ ಪೈಪಿಗೆ ಬಿಡುತ್ತಿದ್ದೇವೆ.

ತಾರಸಿಯ ಪೈಪಿಗೆ ಜಲ್ಲಿ, ಮರಳು, ಇದ್ದಿಲು ತುಂಬಿದ ಒಂದು ಫಿಲ್ಟರ್ ಹಾಕಿಸಿ ಸಂಪಿಗೆ ಬಿಡಿ. ಮೊದಲ ಮಳೆಯ ಧೂಳುನೀರನ್ನು ಹೊರಗೆ ಹರಿಸಲು ಒಂದು ವಾಲ್ವ್ ಇರಲಿ. ಸಂಪು ತುಂಬಿ ಹೆಚ್ಚಾದ ನೀರನ್ನು ಇಂಗುಬಾವಿಗೆ ಇಳಿಸಿ. ಮೂರಡಿ ಅಗಲ, ಇಪ್ಪತ್ತಡಿ ಆಳದ ಸಿಮೆಂಟ್ ರಿಂಗಿನ ಇಂಗುಬಾವಿಯನ್ನು ಬಾವಿ ತೋಡುವ ಮಣ್ಣುವಡ್ಡರು ಕೆಲವೇ ದಿನಗಳಲ್ಲಿ ಮುಗಿಸಿಕೊಡುತ್ತಾರೆ. ತಲೆತಲಾಂತರದಿಂದ ಬಾವಿ ತೋಡಿ ಬಂದವರು ಅವರು, ಮಣ್ಣಿನ ಬಣ್ಣ ನೋಡಿಯೇ ನೀರು ಎಲ್ಲಿ ಇಂಗುತ್ತದೆಂದು ಹೇಳಬಲ್ಲರು. ಒಂದೇ ಎಚ್ಚರ: ಇಂಗುಬಾವಿಗೆ ಮಳೆನೀರು ಬಿಟ್ಟು ಬೇರೇನೂ ಇಳಿಯಕೂಡದು. ಬಚ್ಚಲ ನೀರು ಇಳಿದರೆ ಅಂತರ್ಜಲಕ್ಕೇ ವಿಷ ಹಾಕಿದಂತೆ.

2009ರಲ್ಲಿ ಜಲಮಂಡಳಿ ಕಾಯ್ದೆಗೆ ತಿದ್ದುಪಡಿಯಾಗಿ 60×40 ನಿವೇಶನದ ಹಳೆಯ ಮನೆಗಳಿಗೂ 30×40ರ ಹೊಸ ಮನೆಗಳಿಗೂ ಮಳೆನೀರು ಕೊಯ್ಲು ಕಡ್ಡಾಯವಾಯಿತು. ಮಾಡಿಸದವರ ನೀರಿನ ಬಿಲ್ಲಿಗೆ ದಂಡ ಸೇರಿ ಬರುತ್ತದೆ. ದಂಡ ಕಟ್ಟಿಕೊಂಡೇ ಇರುವವರು ನಮ್ಮ ಬೀದಿಗಳಲ್ಲಿದ್ದಾರೆ. ದಯವಿಟ್ಟು ಆ ಹಣವನ್ನು ಫಿಲ್ಟರಿಗೆ ಹಾಕಿ. ಹೇಗೆ ಮಾಡಿಸುವುದೆಂಬ ಅನುಮಾನವಿದ್ದರೆ ಜಯನಗರ 5ನೇ ಬ್ಲಾಕಿನಲ್ಲಿ ಜಲಮಂಡಳಿಯ ಮಳೆನೀರು ಕೊಯ್ಲು ಉದ್ಯಾನ ಇದೆ, ನಾನಾ ಬಗೆಯ ಮಾದರಿಗಳನ್ನು ಕಣ್ಣಾರೆ ನೋಡಬಹುದು. ಮಕ್ಕಳನ್ನೂ ಕರೆದುಕೊಂಡು ಹೋಗಿ.

ಗೇಟಿನ ಮುಂದಿನ ಮೋರಿ

ಮನೆಮುಂದೆ ರಂಗೋಲಿ ಹಾಕುವಷ್ಟು ಜಾಗವನ್ನು ನಮ್ಮದೆಂದು ಗುಡಿಸುತ್ತೇವೆ. ಅದರಾಚೆಗಿನ ಎರಡಡಿ ಮೋರಿಯನ್ನು ಸರ್ಕಾರದ್ದೆಂದು ಬಿಟ್ಟುಬಿಡುತ್ತೇವೆ. ಕಾರು ಹತ್ತಿಸಲು ಇಳಿಜಾರು ಕಟ್ಟುವಾಗ ಮಾತ್ರ ಅದೇ ಮೋರಿ ನಮ್ಮದಾಗುತ್ತದೆ. ಗಟ್ಟಿ ಕಾಂಕ್ರೀಟು ಸುರಿದು ಮುಚ್ಚಿದ ಮೋರಿಯೊಳಗೆ ಯಾರ ಕೈಯೂ ಯಾವ ಗುದ್ದಲಿಯೂ ಹೋಗುವುದಿಲ್ಲ. ಕಟ್ಟಿಕೊಂಡದ್ದು ಎಲ್ಲಿ ಎಂದು ತಿಳಿಯಲೂ ಆಗುವುದಿಲ್ಲ. ಇಳಿಜಾರು ಬೇಕೇಬೇಕೆಂದರೆ ಎತ್ತಿಡಬಹುದಾದ ಕಬ್ಬಿಣದ ಜಾಲರಿಯನ್ನೋ ಹಿಡಿಕೆಯಿರುವ ಸಣ್ಣ ಚಪ್ಪಡಿಗಳನ್ನೋ ಹಾಕಿಸಿ. ಈಗಾಗಲೇ ಕಾಂಕ್ರೀಟು ಹಾಕಿದವರು ಮಳೆಗಾಲಕ್ಕೆ ಮುಂಚೆ ಒಂದು ಕಡೆಯಾದರೂ ಒಡೆಸಿ ಮುಚ್ಚಳ ಇಡಿಸಿ.

ಮನೆ ಕಟ್ಟುತ್ತಿರುವವರಿಗೆ, ರಿಪೇರಿ ಮಾಡಿಸುತ್ತಿರುವವರಿಗೆ ಒಂದು ಮಾತು. ರಸ್ತೆ ಬದಿಯಲ್ಲಿ ಸುರಿದ ಎಂ-ಸ್ಯಾಂಡ್ ರಾಶಿಯ ಸುತ್ತ ಎರಡು ಸಾಲು ಇಟ್ಟಿಗೆ ಇಟ್ಟು ಟಾರ್ಪಾಲ್ ಹೊದಿಸಿದರೆ ಸಾಕು, ಅದು ಮೋರಿಗೆ ಕೊಚ್ಚಿಹೋಗುವುದಿಲ್ಲ. ಕಾಂಕ್ರೀಟು ಕಲಸಿದ ಬಾಂಡ್ಲಿ, ಮಿಕ್ಸರ್ ತೊಳೆದ ಸಿಮೆಂಟು ನೀರನ್ನು ಮೋರಿಗೆ ಚೆಲ್ಲಲು ಮೇಸ್ತ್ರಿಗೆ ಬಿಡಬೇಡಿ. ಅದು ತಳದಲ್ಲಿ ಕಲ್ಲಾಗಿ ಕೂರುತ್ತದೆ. ಒಡೆದ ಗೋಡೆಯ ಮಣ್ಣು, ಕಿತ್ತ ಟೈಲ್ಸ್ ಸಾಗಿಸಲು ಟ್ರ್ಯಾಕ್ಟರಿನವನಿಗೆ ದುಡ್ಡು ಕೊಟ್ಟ ಕೂಡಲೇ ನಮ್ಮ ಜವಾಬ್ದಾರಿ ಮುಗಿಯಿತೆಂದುಕೊಳ್ಳುತ್ತೇವೆ. ಅವನು ಎಲ್ಲಿ ಸುರಿಯುತ್ತಾನೆ? ಕಡಿಮೆ ದರಕ್ಕೆ ಒಪ್ಪಿ ರಾತ್ರಿ ಹತ್ತರ ಮೇಲೆ ಬರುತ್ತೇನೆ ಎಂದರೆ ಸುರಿಯುವುದು ರಾಜಕಾಲುವೆಯ ದಂಡೆಯಲ್ಲೇ. ಎಲ್ಲಿಗೆ ಒಯ್ಯುತ್ತೀಯೆಂದು ಕೇಳಿ. ಹಗಲಿನಲ್ಲೇ ಬರಲು ಹೇಳಿ. ನೂರಾರು ರೂಪಾಯಿ ಹೆಚ್ಚಾದರೂ ಪಾಲಿಕೆ ಗೊತ್ತುಮಾಡಿದ ಜಾಗಕ್ಕೇ ಕಳಿಸಿ.

ಖಾಲಿ ಸೈಟಿನ ಮಾಲೀಕರೇ, ನೀವು ಬೇರೆ ಊರಿನಲ್ಲೋ ಬೇರೆ ದೇಶದಲ್ಲೋ ಇರಬಹುದು. ನಿಮ್ಮ ಸೈಟು ಇಲ್ಲಿ ಕಸದ ಗುಂಡಿಯಾಗಿದೆ. ಪಾರ್ಥೇನಿಯಂ ಎದೆಮಟ್ಟ ಬೆಳೆದಿದೆ, ನಿಂತ ನೀರಿನಲ್ಲಿ ಡೆಂಗಿ ಸೊಳ್ಳೆ ಮರಿ ಮಾಡುತ್ತಿದೆ. ವರ್ಷಕ್ಕೆರಡು ಬಾರಿ ಸ್ವಚ್ಛ ಮಾಡಿಸಿ ತಂತಿಬೇಲಿ ಹಾಕಿಸಿ. ಬೆಲೆ ಏರಲಿ ಎಂದು ಕಾಯುವ ಆಸ್ತಿಯನ್ನು ನೋಡಿಕೊಳ್ಳುವ ಹೊಣೆಯೂ ನಿಮ್ಮದೇ. ರಾಜಕಾಲುವೆಗೆ ತಾಗಿ ಮನೆ ಇರುವವರು ಹಿಂದಿನ ಗೋಡೆಯನ್ನು ಮಳೆಗೆ ಮುಂಚೆ ಒಮ್ಮೆ ಪರೀಕ್ಷಿಸಿ. ಬಿರುಕು, ತೇವ, ವಾಲು ಕಂಡರೆ ಪಾಲಿಕೆಗೆ ಅಂದೇ ತಿಳಿಸಿ. ಅಡುಗೆಮನೆಯ ಕಿಟಕಿಯಿಂದ ಕಾಲುವೆಗೆ ಕಸ ಎಸೆಯುವ ಅಭ್ಯಾಸ ಆ ಸಾಲಿನಲ್ಲಿ ಹೆಚ್ಚು. ಕಿಟಕಿ ಹತ್ತಿರ ಇರುವುದು ಅದಕ್ಕೆ ಅಪ್ಪಣೆಯಲ್ಲ.

ಬಾಡಿಗೆದಾರರು "ನಮ್ಮ ಮನೆಯಲ್ಲವಲ್ಲ" ಎನ್ನುತ್ತೀರಿ. ಪೈಪು ಬದಲಿಸುವುದು ಮಾಲೀಕರ ಕೆಲಸ, ಒಪ್ಪಿದೆವು. ಆದರೆ ಕರಿದ ಎಣ್ಣೆಯನ್ನು ಸಿಂಕಿಗೆ ಸುರಿಯದಿರುವುದು, ಪ್ಯಾಡ್-ಡೈಪರನ್ನು ಕಕ್ಕಸಿಗೆ ಹಾಕದೆ ಕಾಗದದಲ್ಲಿ ಸುತ್ತಿ ಕೆಂಪು ಗುರುತು ಮಾಡಿ ಕಸದ ಆಟೋಗೆ ಕೊಡುವುದು, ಹಸಿ ಕಸ ಒಣ ಕಸ ಬೇರೆ ಮಾಡುವುದು ನಿಮ್ಮ ಕೈಯಲ್ಲೇ ಇದೆ. ಆಟೋ ಬರುವ ಹೊತ್ತಿಗೆ ಕೆಲಸಕ್ಕೆ ಹೋಗಿರುತ್ತೀರೆಂಬುದು ನಮಗೆ ಗೊತ್ತು. ಪಕ್ಕದ ಮನೆಯ ಅಮ್ಮನವರಿಗೋ ಅಜ್ಜನವರಿಗೋ ಹೇಳಿಟ್ಟರೆ ನಿಮ್ಮ ಬಕೆಟನ್ನೂ ಅವರು ಕೊಡುತ್ತಾರೆ. ರಾತ್ರಿ ಬೈಕಿನಲ್ಲಿ ಹೋಗುತ್ತಾ ಸೇತುವೆಯಿಂದ ಕವರು ಎಸೆಯಬೇಡಿ.

ಗುಂಡಿಗೆ ಮನುಷ್ಯನನ್ನು ಇಳಿಸಬೇಡಿ

ಚೇಂಬರ್ ಕಟ್ಟಿಕೊಂಡಾಗ, ಸೆಪ್ಟಿಕ್ ಟ್ಯಾಂಕ್ ತುಂಬಿದಾಗ ಯಾರನ್ನೋ ಕರೆಸಿ ಐನೂರೋ ಸಾವಿರವೋ ಕೊಟ್ಟು ಒಳಗಿಳಿಸುವುದು ನಮ್ಮ ಬೀದಿಗಳಲ್ಲಿ ಇನ್ನೂ ನಿಂತಿಲ್ಲ. ಮುಚ್ಚಿದ ಗುಂಡಿಯಲ್ಲಿ ಹೈಡ್ರೋಜನ್ ಸಲ್ಫೈಡ್, ಮಿಥೇನ್ ಅನಿಲ ತುಂಬಿರುತ್ತದೆ. ಇಳಿದವನು ಕೂಗುವಷ್ಟರಲ್ಲಿ ಪ್ರಜ್ಞೆ ತಪ್ಪುತ್ತಾನೆ. ಅವನನ್ನು ಎತ್ತಲು ಹೋದವನೂ ಉಳಿಯುವುದಿಲ್ಲ. ಮಲ ಹೊರುವ ಪದ್ಧತಿ ನಿಷೇಧಿಸಿದ 2013ರ ಕಾಯ್ದೆಯ ಪ್ರಕಾರ ರಕ್ಷಣಾ ಸಾಧನವಿಲ್ಲದೆ ಚರಂಡಿಗೋ ಸೆಪ್ಟಿಕ್ ಟ್ಯಾಂಕಿಗೋ ಮನುಷ್ಯನನ್ನು ಇಳಿಸುವುದು ಅಪರಾಧ. ಮೊದಲ ಸಲಕ್ಕೇ ಎರಡು ವರ್ಷದವರೆಗೆ ಜೈಲು ಅಥವಾ ಎರಡು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಗುತ್ತಿಗೆದಾರನಿಗಷ್ಟೇ ಅಲ್ಲ, ಕರೆಸಿದ ಮನೆಯವರಿಗೂ ಇದು ತಗಲುತ್ತದೆ. ಇಂಥ ಸಾವಿಗೆ ಕೊಡಬೇಕಾದ ಪರಿಹಾರವನ್ನು ಸುಪ್ರೀಂ ಕೋರ್ಟ್ 2023ರಲ್ಲಿ 10 ಲಕ್ಷದಿಂದ 30 ಲಕ್ಷಕ್ಕೆ ಏರಿಸಿದೆ. ದುಡ್ಡಿನ ಮಾತು ಬಿಡಿ, ನಮ್ಮ ಕೊಳೆ ತೆಗೆಯಲು ಹೋಗಿ ಒಬ್ಬ ತಾಯಿಯ ಮಗ ಸತ್ತರೆ ಆ ಮನೆಯಲ್ಲಿ ಮತ್ತೆ ಊಟ ಹೇಗೆ ಮಾಡುತ್ತೀರಿ?

ಜಲಮಂಡಳಿಯ ಸಹಾಯವಾಣಿ 1916ಕ್ಕೆ ಕರೆ ಮಾಡಿ ಜೆಟ್ಟಿಂಗ್ ಯಂತ್ರ ತರಿಸಿ. ಸೆಪ್ಟಿಕ್ ಟ್ಯಾಂಕಿಗೆ ಸಕ್ಕಿಂಗ್ ಲಾರಿ ಕರೆಸಿ, ಲಾರಿಯವನು ಅದನ್ನು ಎಲ್ಲಿ ಖಾಲಿ ಮಾಡುತ್ತಾನೆಂದು ಕೇಳಿ. ಬಾಯಿಗೆ ಬಂದ ಉತ್ತರ ಕೊಟ್ಟರೆ ಬೇರೆಯವನನ್ನು ಕರೆಸಿ.

ಹೋಟೆಲ್, ಗ್ಯಾರೇಜ್, ವರ್ಕ್‌ಶಾಪ್, ಅಪಾರ್ಟ್‌ಮೆಂಟ್

ಹೋಟೆಲಿನವರು ಜಿಡ್ಡು ತಡೆಯುವ ಗುಂಡಿ ಕಟ್ಟಿಸಿ ವಾರಕ್ಕೊಮ್ಮೆ ಜಿಡ್ಡು ತೆಗೆಸಿ. ಗ್ಯಾರೇಜಿನವರು ಎಂಜಿನ್ನಿನಿಂದ ಇಳಿಸಿದ ಎಣ್ಣೆಯನ್ನು ಡಬ್ಬದಲ್ಲಿ ಶೇಖರಿಸಿ ಪರವಾನಗಿ ಇರುವವರಿಗೇ ಮಾರಿ. ಅಪಾರ್ಟ್‌ಮೆಂಟ್ ಸಂಘದವರು ಕರೆಂಟ್ ಬಿಲ್ ಉಳಿಸಲು ಎಸ್‌ಟಿಪಿಯ (ಕೊಳಚೆ ಶುದ್ಧೀಕರಣ ಘಟಕದ) ಬ್ಲೋವರ್ ನಿಲ್ಲಿಸಬೇಡಿ. ಕೊಳೆ ತಿನ್ನುವ ಬ್ಯಾಕ್ಟೀರಿಯಾಗಳು ಗಾಳಿಯಿಲ್ಲದೆ ಸಾಯುತ್ತವೆ, ಆಮೇಲೆ ಹೊರಬರುವುದು ಒಳಹೋದ ಕೊಳಚೆಯೇ. ಲೇಪನ, ಬಣ್ಣ, ಆಸಿಡ್ ತೊಳೆಯುವ ಸಣ್ಣ ಕಾರ್ಖಾನೆಗಳವರಿಗೆ ವಿಶೇಷವಾಗಿ ಕೈಮುಗಿದು ಹೇಳುತ್ತೇವೆ. ಮನೆಯ ಕೊಳಚೆಯನ್ನು ಶುದ್ಧೀಕರಣ ಘಟಕ ಸ್ವಲ್ಪವಾದರೂ ತಿಳಿಮಾಡುತ್ತದೆ. ನಿಮ್ಮ ಕ್ರೋಮಿಯಂ, ನಿಕ್ಕಲ್, ಸೀಸಗಳು ಅಲ್ಲಿ ಇಲ್ಲವಾಗುವುದಿಲ್ಲ, ಹೊಲದವರೆಗೂ ಹೋಗುತ್ತವೆ.

ಆ ಹೊಲ ಯಾರದು?

ಕೆಂಗೇರಿ ದಾಟಿದ ವೃಷಭಾವತಿ ಬಿಡದಿ ಬಳಿಯ ಬೈರಮಂಗಲ ಜಲಾಶಯಕ್ಕೆ ಸೇರುತ್ತದೆ. ಅದನ್ನು ಕಟ್ಟಿದ್ದು ರೈತರ ಗದ್ದೆಗೆ ನೀರುಣಿಸಲು. ಇಂದು ಅದರ ಮೇಲೆ ನೊರೆ ತೇಲುತ್ತದೆ. ಭತ್ತ ಬೆಳೆಯುತ್ತಿದ್ದವರು ಅದನ್ನು ಬಿಟ್ಟು ಮೇವಿನ ಹುಲ್ಲಿಗೂ ಬೇಬಿ ಕಾರ್ನಿಗೂ ಹೋಗಿದ್ದಾರೆ. ಆ ನೀರು ಹಾಯಿಸಿದ ಮಣ್ಣಿನಲ್ಲೂ ಬೆಳೆಯಲ್ಲೂ ಭಾರಲೋಹಗಳಿರುವುದನ್ನು ಸಂಶೋಧಕರು ದಾಖಲಿಸಿದ್ದಾರೆ. ಆ ಹುಲ್ಲು ತಿಂದ ಹಸುವಿನ ಹಾಲು, ಆ ಕಣಿವೆಯ ಸೊಪ್ಪು-ತರಕಾರಿ ಮಾರಾಟಕ್ಕೆ ಬರುವುದೂ ನಮ್ಮೂರಿಗೇ. ಅಲ್ಲಿಂದ ಮುಂದೆ ನೀರು ಅರ್ಕಾವತಿಗೆ, ಅರ್ಕಾವತಿಯಿಂದ ಸಂಗಮದಲ್ಲಿ ಕಾವೇರಿಗೆ. ಕಾವೇರಿಯ ಒಂದು ಲೋಟ ನೀರಿಗಾಗಿ ಬೀದಿಗಿಳಿದು ಹೋರಾಡುವ ನಾವು ಕಾವೇರಿಗೆ ಕೊಡುತ್ತಿರುವುದು ಇದನ್ನು. ಬೈರಮಂಗಲದ ರೈತ ನಮಗೇನು ಕೇಡು ಮಾಡಿದ್ದಾನೆ?

ಹಬ್ಬದ ತಿಂಗಳು

ಗಣೇಶನಿಂದ ಆಯುಧಪೂಜೆಯವರೆಗಿನ ದಿನಗಳಲ್ಲೇ ಬೆಂಗಳೂರಿನಲ್ಲಿ ಅತಿ ಹೆಚ್ಚು ಮಳೆ ಬರುತ್ತದೆ. ಅದೇ ದಿನಗಳಲ್ಲಿ ಬೀದಿ ಬೀದಿಯಲ್ಲಿ ಬೂದುಗುಂಬಳ ಒಡೆದು ಬಿಡುತ್ತೇವೆ. ಬಾಳೆಕಂದು, ಮಾವಿನ ತೋರಣ, ಸೇವಂತಿಗೆ ರಾಶಿಯನ್ನು ಪೂಜೆಯ ಮರುದಿನ ರಸ್ತೆ ಮೂಲೆಗೆ ಒಗೆಯುತ್ತೇವೆ. ಅಂದು ರಾತ್ರಿ ಮಳೆ ಬಂದರೆ ಆ ಬಾಳೆಕಂದು ಹೋಗಿ ಅಡ್ಡ ಬೀಳುವುದು ಮೋರಿಯ ಬಾಯಿಗೆ. ಪೂಜೆ ನಿಲ್ಲಿಸಿ ಎಂದು ಯಾರೂ ಹೇಳುತ್ತಿಲ್ಲ. ಕುಂಬಳದ ಹೋಳುಗಳನ್ನು ಅರ್ಧ ಗಂಟೆಯೊಳಗೆ ಬಾಚಿ ಬುಟ್ಟಿಗೆ ಹಾಕಿ, ಬಾಳೆಕಂದನ್ನು ತುಂಡು ಮಾಡಿ ಹಸಿ ಕಸದ ಆಟೋಗೇ ಕೊಡಿ. ಗಣಪತಿ ಮಣ್ಣಿನದಾಗಿರಲಿ, ಬಣ್ಣವಿಲ್ಲದಿರಲಿ, ಸಣ್ಣದಿರಲಿ, ಮನೆಯ ಬಕೆಟಿನಲ್ಲೋ ಪಾಲಿಕೆಯ ಕಲ್ಯಾಣಿಯಲ್ಲೋ ಬಿಡಿ. ಪ್ಲಾಸ್ಟರ್ ಆಫ್ ಪ್ಯಾರಿಸ್ ಮೂರ್ತಿಯನ್ನು ಕೆರೆಗೆ ಬಿಡುವುದು ನಮ್ಮ ರಾಜ್ಯದಲ್ಲಿ ನಿಷಿದ್ಧ.

ಸರ್ಕಾರದಿಂದ ಕೇಳಬೇಕಾದದ್ದು

ಬಿಬಿಎಂಪಿ ಹೋಗಿ 2025ರಲ್ಲಿ ಐದು ಪಾಲಿಕೆಗಳು ಬಂದಿವೆ. ಯಾರ ಹೆಸರಿನಲ್ಲಿದ್ದರೂ ರಾಜಕಾಲುವೆಯ ಹೂಳನ್ನು ಮೇ ತಿಂಗಳೊಳಗೆ ತೆಗೆಸಬೇಕು, ತೆಗೆದ ಹೂಳನ್ನು ದಂಡೆಯ ಮೇಲೇ ಬಿಡದೆ ಅಂದೇ ಸಾಗಿಸಬೇಕು. ಒತ್ತುವರಿ ತೆರವು ಬಡವರ ಶೀಟಿನ ಮನೆಯಿಂದ ಶುರುವಾಗಿ ದೊಡ್ಡವರ ಗೇಟಿನ ಮುಂದೆ ನಿಲ್ಲಬಾರದು. ಒಳಚರಂಡಿ ಇಲ್ಲದ ಬೀದಿಗಳಿಗೆ ಒಳಚರಂಡಿ ಬರಬೇಕು. ಶುದ್ಧೀಕರಣ ಘಟಕಗಳು ಹಗಲಿರುಳು ಓಡಬೇಕು, ಅವುಗಳಿಂದ ಹೊರಬರುವ ನೀರಿನ ಪರೀಕ್ಷಾ ವರದಿ ತಿಂಗಳಿಗೊಮ್ಮೆ ವಾರ್ಡ್ ಕಚೇರಿಯ ಗೋಡೆಯ ಮೇಲೆ ಕಾಣಬೇಕು. ಕಾರ್ಖಾನೆಗಳ ಮೇಲೆ ಮಾಲಿನ್ಯ ನಿಯಂತ್ರಣ ಮಂಡಳಿಯ ತಪಾಸಣೆ ರಾತ್ರಿಯಲ್ಲೂ ನಡೆಯಬೇಕು. ಇದನ್ನೆಲ್ಲ ಬರೆದುಕೊಟ್ಟು ಕೇಳುತ್ತೇವೆ, ವಾರ್ಡ್ ಸಭೆಯಲ್ಲಿ ಎದ್ದು ನಿಂತು ಕೇಳುತ್ತೇವೆ, ಕೊಡದಿದ್ದರೆ ಪಾಲಿಕೆಯ ಮೆಟ್ಟಿಲ ಮೇಲೆ ಕೂತು ಕೇಳುತ್ತೇವೆ.

ಹಾಗೆ ಕೇಳುವ ದಿನ "ನಿಮ್ಮ ಮನೆಯ ಪೈಪೇ ಮೋರಿಗಿದೆಯಲ್ಲ" ಎಂದು ಅಧಿಕಾರಿ ತಿರುಗಿ ಕೇಳುವಂತಿರಬಾರದು. ಅದಕ್ಕಾಗಿಯೇ ಮೊದಲು ನಮ್ಮ ಮನೆಯ ಕೆಲಸ ಮುಗಿಸೋಣ ಎನ್ನುತ್ತಿರುವುದು.

ಬನ್ನಿ

ಬರುವ ಭಾನುವಾರ ಬೆಳಿಗ್ಗೆ 7 ಗಂಟೆಗೆ ನಿಮ್ಮ ಅಡ್ಡರಸ್ತೆಯ ಮೋರಿ ರಾಜಕಾಲುವೆಗೆ ಸೇರುವ ಜಾಗದಲ್ಲಿ ಸೇರೋಣ. ಮೇಲಿನ ಮನೆಯಿಂದ ಆರಂಭಿಸಿ ಮನೆ ಮನೆಗೂ ಅರಿಶಿನದ ಪರೀಕ್ಷೆ ಮಾಡೋಣ. ಯಾವ ಮನೆಯಲ್ಲಿ ತಪ್ಪು ಜೋಡಣೆ ಸಿಕ್ಕರೂ ಹೆಸರು ಬರೆದು ಹಂಚುವುದಿಲ್ಲ, ಯಾರ ಮರ್ಯಾದೆಯನ್ನೂ ತೆಗೆಯುವುದಿಲ್ಲ. ಪ್ಲಂಬರನ್ನು ನಾವೇ ಜೊತೆಯಲ್ಲಿ ಕರೆತರುತ್ತೇವೆ. ಖರ್ಚು ಭರಿಸಲಾಗದ ಮನೆಗಳಿದ್ದರೆ ಬೀದಿಯವರೆಲ್ಲ ಸೇರಿ ಭರಿಸೋಣ. ಕೈಗವಸು, ಗಮ್‌ಬೂಟು ಇದ್ದವರು ತನ್ನಿ. ಮೋರಿಯ ಬಾಯಿಯಲ್ಲಿ ಸಿಕ್ಕಿಕೊಂಡ ಕಸವನ್ನು ಮೇಲಿನಿಂದಲೇ ಕೊಕ್ಕೆ ಹಾಕಿ ತೆಗೆಯೋಣ, ಯಾರೂ ಒಳಗೆ ಇಳಿಯುವುದು ಬೇಡ. ಒಡೆದ ಚಪ್ಪಡಿ, ಕುಸಿದ ಗೋಡೆ, ಉಕ್ಕುವ ಮ್ಯಾನ್‌ಹೋಲ್ ಎಲ್ಲೆಲ್ಲಿವೆಯೆಂದು ಪಟ್ಟಿ ಮಾಡಿ, ಫೋಟೋ ತೆಗೆದು, ಎಲ್ಲರ ಸಹಿ ಹಾಕಿಸಿ ಸೋಮವಾರವೇ ಪಾಲಿಕೆಗೂ ಜಲಮಂಡಳಿಗೂ ಕೊಟ್ಟು ಸ್ವೀಕೃತಿ ಪಡೆಯೋಣ.

ಮನೆಯಿಂದ ಒಬ್ಬರಾದರೂ ಬನ್ನಿ. ಬರಲಾಗದವರು ನಿಮ್ಮ ಮನೆಯ ಚೇಂಬರಿನ ಮುಚ್ಚಳ ತೆಗೆದಿಟ್ಟು, ಪರೀಕ್ಷೆ ಮಾಡಲು ಪಕ್ಕದವರಿಗೆ ಹೇಳಿಹೋಗಿ. ಓದಿದ ಮೇಲೆ ಈ ಕರಪತ್ರವನ್ನು ಮೇಲಿನ ಮಹಡಿಯ ಬಾಡಿಗೆದಾರರಿಗೋ ಎದುರುಮನೆಯವರಿಗೋ ಕೊಡಿ.

ಇಂತಿ,
ನಿಮ್ಮ ನೆರೆಹೊರೆಯ ನಿವಾಸಿಗಳು
ವೃಷಭಾವತಿ ಕಣಿವೆ, ಬೆಂಗಳೂರು